ಒಂದು ರೇಷ್ಮೆ ಸೀರೆ, ಮೂರು ಮಾಧ್ಯಮ: ಫ್ಯಾಷನ್ ಚಿತ್ರ, ಸ್ಟೈಲಿಂಗ್ ಮತ್ತು ಛಾಯಾಗ್ರಹಣ ಕಲಿಯುವವರಿಗೆ ಸಮಗ್ರ ಮಾರ್ಗದರ್ಶಿ

ಫ್ಯಾಷನ್ ವಿನ್ಯಾಸ ಓದುವ ವಿದ್ಯಾರ್ಥಿಗೆ ಚಿತ್ರರಚನೆ ಒಂದು ತರಗತಿ, ಉಡುಗೆ, ಆಭರಣ, ಕೇಶವಿನ್ಯಾಸಗಳನ್ನು ಹೊಂದಿಸುವ ಸ್ಟೈಲಿಂಗ್ ಇನ್ನೊಂದು, ಛಾಯಾಗ್ರಹಣ ಮತ್ತೊಂದು. ಮೂರನ್ನೂ ಬಿಡಿಬಿಡಿಯಾಗಿ ಕಲಿತದ್ದರ ಪರಿಣಾಮ ಪೋರ್ಟ್‌ಫೋಲಿಯೊದಲ್ಲಿ ಎದ್ದು ಕಾಣುತ್ತದೆ. ಚಿತ್ರದಲ್ಲಿರುವ ಉಡುಗೆಗೂ ಫೋಟೊದಲ್ಲಿರುವ ಉಡುಗೆಗೂ ನಂಟಿರುವುದಿಲ್ಲ; ಮೊದಲ ಪುಟದಲ್ಲಿ ಎಲ್ಲೋ ನೋಡಿ ಬಿಡಿಸಿದ ಗೌನು, ಎರಡನೆಯದರಲ್ಲಿ ಗೆಳತಿಯ ಜೀನ್ಸು, ಮೂರನೆಯದರಲ್ಲಿ ಯಾರದೋ ಮದುವೆಯ ಲೆಹೆಂಗಾ. ಇವುಗಳಲ್ಲಿ ಕೈಯ ಅಭ್ಯಾಸ ಕಂಡೀತು, ಆದರೆ ವಿದ್ಯಾರ್ಥಿಯ ಕಣ್ಣು ಏನನ್ನು ಗಮನಿಸಬಲ್ಲದು ಎಂಬುದು ಮಾತ್ರ ನೋಡುವವರಿಗೆ ತಿಳಿಯುವುದಿಲ್ಲ.

ಇಲ್ಲಿ ಸೂಚಿಸಿರುವ ಕ್ರಮದಲ್ಲಿ ಬಟ್ಟೆ ಒಂದೇ. ಅದನ್ನು ಮೊದಲು ಚಿತ್ರದಲ್ಲಿ ಅರಿತು, ಅನಂತರ ಮನುಷ್ಯರ ಮೈಮೇಲೆ ಉಡಿಸಿ, ಆಮೇಲೆ ಕ್ಯಾಮೆರಾದಲ್ಲಿ ಸೆರೆಹಿಡಿದು, ಕೊನೆಗೆ ಆ ಫೋಟೊವನ್ನು ಮುಂದಿಟ್ಟುಕೊಂಡು ಮತ್ತೆ ಚಿತ್ರಕ್ಕೆ ಬರಬೇಕು. ಬಟ್ಟೆ ಬದಲಾಗದಿದ್ದಾಗ ಮಾಧ್ಯಮ ಬದಲಾದದ್ದರಿಂದ ಏನಾಯಿತು ಎಂಬುದು ನಿಚ್ಚಳವಾಗಿ ಕಾಣುತ್ತದೆ. ಚಿತ್ರವನ್ನು ಮೊದಲಿಡುವುದಕ್ಕೆ ಚರಿತ್ರೆಯ ಬೆಂಬಲವೂ ಇದೆ: ವೋಗ್ ಎಂಬ ಫ್ಯಾಷನ್ ಪತ್ರಿಕೆಯ ಮುಖಪುಟಕ್ಕೆ ಬಣ್ಣದ ಛಾಯಾಚಿತ್ರ ಬಂದದ್ದು 1932ರ ಜುಲೈನಲ್ಲಿ, ಎಡ್ವರ್ಡ್ ಸ್ಟೈಕನ್ ಕ್ಯಾಮೆರಾದಿಂದ, ಅದಕ್ಕೂ ಮೊದಲಿನ ದಶಕಗಳಲ್ಲಿ ಆ ಪತ್ರಿಕೆಯ ಮುಖಪುಟವನ್ನು ಹೆಚ್ಚಾಗಿ ಆಳುತ್ತಿದ್ದವರು ಚಿತ್ರಕಾರರು. ಕಾಲೇಜಿನ ಉಳಿದ ಓದಿನ ಜೊತೆಗೆ ಈ ಕೆಲಸಕ್ಕೆ ಸುಮಾರು ಆರು ವಾರ ಇಟ್ಟುಕೊಂಡರೆ ಅವಸರವಾಗುವುದಿಲ್ಲ.

ಚಿಕ್ಕಬಳ್ಳಾಪುರ ಜಿಲ್ಲೆಯ ವಿದ್ಯಾರ್ಥಿಗಳನ್ನು ಮನಸ್ಸಿನಲ್ಲಿಟ್ಟುಕೊಂಡು ಇದನ್ನು ಬರೆದಿದ್ದೇನೆ. ಹಿಪ್ಪುನೇರಳೆ ತೋಟ, ಹುಳು ಸಾಕುವ ಮನೆ, ಗೂಡಿನ ಮಾರುಕಟ್ಟೆ, ನೂಲು ಬಿಚ್ಚುವ ಘಟಕ ಇವೆಲ್ಲ ಒಂದೇ ದಿನದಲ್ಲಿ ನೋಡಿಬರುವಷ್ಟು ಹತ್ತಿರದಲ್ಲಿರುವ ಊರುಗಳು ದೇಶದಲ್ಲಿ ಬಹಳ ಇಲ್ಲ. ಆ ಅನುಕೂಲವನ್ನು ಬಿಟ್ಟು ಅಂತರ್ಜಾಲದ ಚಿತ್ರಗಳಿಂದ ಕೆಲಸ ಆರಂಭಿಸುವುದು ದೊಡ್ಡ ನಷ್ಟವೆಂದು ನಾನು ಭಾವಿಸುತ್ತೇನೆ.

ಮೊದಲ ಹಂತ: ಬಟ್ಟೆಯನ್ನು ಆರಿಸಿ, ಅದರ ಮೂಲವನ್ನು ನೋಡಿ ಬನ್ನಿ

ಹೊಸ ಸೀರೆ ಕೊಳ್ಳುವ ಅಗತ್ಯವಿಲ್ಲ. ಅಮ್ಮನದೋ ಅಜ್ಜಿಯದೋ ಚಿಕ್ಕಮ್ಮನದೋ ಒಂದು ರೇಷ್ಮೆ ಸೀರೆಯನ್ನು ಕೇಳಿ ಪಡೆಯಿರಿ. ಕತ್ತರಿಸುವುದಿಲ್ಲ, ಹೊಲಿಯುವುದಿಲ್ಲ, ಅಂಚಿಗೆ ಪಿನ್ನು ಚುಚ್ಚುವುದಿಲ್ಲ ಎಂಬುದನ್ನು ಮೊದಲೇ ಹೇಳಿಬಿಡಿ. ಎರಡು ಬಣ್ಣದ ಹೊಳಪಿರುವ, ಅಂದರೆ ಉದ್ದಕ್ಕೆ ಹೋಗುವ ಹಾಸಿನ ಎಳೆ ಒಂದು ಬಣ್ಣ, ಅಡ್ಡಕ್ಕೆ ಹೋಗುವ ಹೊಕ್ಕಿನ ಎಳೆ ಇನ್ನೊಂದು ಬಣ್ಣ ಇರುವ ಸೀರೆ ಸಿಕ್ಕರೆ ಅತ್ಯುತ್ತಮ. ನವಿಲುಕಂಠದ ಬಣ್ಣ ಎಂದು ಅಂಗಡಿಯವರು ಕರೆಯುವ ಸೀರೆ ಇಂಥದ್ದೇ. ನೋಡುವ ಕೋನ ಬದಲಾದಂತೆ ಅದು ಒಮ್ಮೆ ನೀಲಿಯಾಗಿ, ಒಮ್ಮೆ ಹಸಿರಾಗಿ ಕಾಣುತ್ತದೆ. ಮುಂದಿನ ಎಲ್ಲ ಪ್ರಯೋಗಗಳಿಗೂ ಈ ಗುಣವೇ ವಸ್ತುವಾಗುತ್ತದೆ.

ಸೀರೆಯನ್ನು ಹಾಸಿ ಉದ್ದ, ಅಗಲ, ಅಂಚಿನ ಅಗಲ, ಸೆರಗಿನ ಉದ್ದ ಇವನ್ನು ಅಳೆದು ಸ್ಕೆಚ್ ಪುಸ್ತಕದಲ್ಲಿ ಬರೆದಿಡಿ. ಸಾಮಾನ್ಯವಾಗಿ ಸೀರೆಯ ಉದ್ದ ಐದೂವರೆ ಮೀಟರ್ ಇದ್ದು, ರವಿಕೆಯ ಬಟ್ಟೆಯೂ ಸೇರಿದ್ದರೆ ಆರು ಮೀಟರ್ ದಾಟುತ್ತದೆ. ರೇಷ್ಮೆ ಅಪ್ಪಟವೇ ಎಂಬ ಅನುಮಾನವಿದ್ದರೆ ಸೆರಗಿನ ತುದಿಯ ಕುಚ್ಚಿನಿಂದ ಉದುರಿದ ಒಂದೇ ಎಳೆಯನ್ನು, ಒಡತಿಯ ಒಪ್ಪಿಗೆ ಪಡೆದು, ಸೀರೆಯಿಂದ ದೂರದಲ್ಲಿ ಇಕ್ಕಳದಲ್ಲಿ ಹಿಡಿದು ಸುಟ್ಟು ನೋಡಬಹುದು. ರೇಷ್ಮೆಯಾದರೆ ಕೂದಲು ಸುಟ್ಟ ವಾಸನೆ ಬಂದು, ಬೆರಳಲ್ಲಿ ಉಜ್ಜಿದಾಗ ಪುಡಿಯಾಗುವ ಬೂದಿ ಉಳಿಯುತ್ತದೆ. ಪಾಲಿಯೆಸ್ಟರ್ ಕರಗಿ ಗಟ್ಟಿ ಮಣಿಯಾಗುತ್ತದೆ. ಜರಿಯನ್ನೂ ಗಮನಿಸಿ. ಅಸಲಿ ಜರಿಯಲ್ಲಿ ರೇಷ್ಮೆ ಎಳೆಯ ಸುತ್ತ ಬೆಳ್ಳಿಯ ತಂತಿ ಸುತ್ತಿ ಚಿನ್ನದ ಲೇಪ ಕೊಟ್ಟಿರುತ್ತಾರೆ, ಅಗ್ಗದ ಜರಿಯಲ್ಲಿ ತಾಮ್ರ ಅಥವಾ ಪ್ಲಾಸ್ಟಿಕ್ ಇರುತ್ತದೆ. ಇವು ಬೆಳಕನ್ನು ಹಿಂದಿರುಗಿಸುವ ರೀತಿ ಬೇರೆಬೇರೆಯಾದ್ದರಿಂದ ಕ್ಯಾಮೆರಾದಲ್ಲೂ ಬೇರೆಯಾಗಿಯೇ ಕಾಣುತ್ತವೆ.

ಅನಂತರ ಶಿಡ್ಲಘಟ್ಟಕ್ಕೆ ಒಂದು ಬೆಳಗ್ಗೆ ಹೋಗಿಬನ್ನಿ. ಗೂಡಿನ ಮಾರುಕಟ್ಟೆಯಲ್ಲಿ ಮಿಶ್ರತಳಿಯ ಹಳದಿ ಗೂಡುಗಳನ್ನೂ ದ್ವಿತಳಿಯ ಬಿಳಿ ಗೂಡುಗಳನ್ನೂ ಕಣ್ಣಾರೆ ನೋಡಿ, ಆ ಎರಡು ಬಣ್ಣಗಳನ್ನು ಪುಸ್ತಕದ ಅಂಚಿನಲ್ಲಿ ನೀರುಬಣ್ಣದಿಂದ ಸ್ಥಳದಲ್ಲೇ ಹೊಂದಿಸಿಕೊಳ್ಳಿ. ಫೋಟೊ ತೆಗೆದು ಮನೆಯಲ್ಲಿ ಹೊಂದಿಸುತ್ತೇನೆಂದರೆ ಬಣ್ಣ ದಾರಿ ತಪ್ಪುತ್ತದೆ. ನೂಲು ಬಿಚ್ಚುವ ಮನೆಗೆ ಪರಿಚಯದವರ ಮೂಲಕ ಹೋಗಿ. ಬಿಸಿನೀರಿನಲ್ಲಿ ತೇಲುವ ಗೂಡುಗಳಿಂದ ಕಣ್ಣಿಗೆ ಕಂಡೂ ಕಾಣದ ಎಳೆಗಳು ಮೇಲೆದ್ದು ಒಂದಾಗುವುದನ್ನು ನಿಂತು ನೋಡಿ. ಒಂದು ಗೂಡಿನ ಎಳೆ ನೂರಾರು ಮೀಟರ್ ಉದ್ದವಿರುತ್ತದೆ, ಒಳ್ಳೆಯ ದ್ವಿತಳಿ ಗೂಡಿನಲ್ಲಿ ಸಾವಿರ ಮೀಟರನ್ನೂ ದಾಟುತ್ತದೆ. ಬಿಚ್ಚಿದ ಹಸಿ ನೂಲು ಗರಿಗರಿಯಾಗಿ, ಹೊಳಪಿಲ್ಲದೆ ಇರುತ್ತದೆ. ಅದರ ಮೇಲಿನ ಸೆರಿಸಿನ್ ಎಂಬ ಅಂಟನ್ನು ಕುದಿಸಿ ತೆಗೆದಾಗ ತೂಕದಲ್ಲಿ ಕಾಲುಭಾಗದಷ್ಟು ಹೋಗಿ, ಒಳಗಿನ ಮೃದುವಾದ ಎಳೆ ಹೊರಬರುತ್ತದೆ. ಆ ಎಳೆಯ ಅಡ್ಡಕೊಯ್ತ ಹೆಚ್ಚುಕಡಿಮೆ ತ್ರಿಕೋನಾಕಾರವಾಗಿರುವುದರಿಂದಲೇ ರೇಷ್ಮೆಗೆ ಆ ವಿಶಿಷ್ಟ ಹೊಳಪು. ಈ ಕಾರಣವನ್ನು ತಿಳಿದವರು ಚಿತ್ರದಲ್ಲಿ ಹೊಳಪನ್ನು ಮನಬಂದಲ್ಲಿ ಬಳಿಯುವುದಿಲ್ಲ.

ಇನ್ನೊಂದು ವಸ್ತುವನ್ನು ಬಿಡದೆ ನೋಡಬೇಕು: ಚಂದ್ರಿಕೆ. ಹಣ್ಣಾದ ಹುಳುಗಳು ಗೂಡು ಕಟ್ಟಲೆಂದು ಬಿಡುವ ಈ ಬಿದಿರಿನ ತಟ್ಟಿಯ ಮೇಲೆ ಬಿದಿರಿನ ಪಟ್ಟಿಯನ್ನು ಅಂಚಿನ ಮೇಲೆ ನಿಲ್ಲಿಸಿ, ಹೊರಗಿನಿಂದ ಒಳಕ್ಕೆ ಸುರುಳಿ ಸುತ್ತಿರುತ್ತಾರೆ. ಗೂಡು ಬಿಡಿಸಿಯಾದ ಮೇಲೆ ಮನೆಯ ಗೋಡೆಗೆ ಒರಗಿಸಿಟ್ಟ ಚಂದ್ರಿಕೆಯ ಮೇಲೆ ಓರೆ ಬಿಸಿಲು ಬಿದ್ದಾಗ ಪ್ರತಿ ಸುತ್ತಿನ ಪಕ್ಕದಲ್ಲೂ ಒಂದು ನೆರಳಿನ ಸುತ್ತು ಮೂಡುತ್ತದೆ. ಬಿದಿರಿಗೆ ಅಂಟಿ ಉಳಿದ ರೇಷ್ಮೆಯ ನವಿರು ಎಳೆಗಳು ಅಲ್ಲಲ್ಲಿ ಮಿನುಗುತ್ತವೆ. ಫೋಟೊಗೆ ಹಿನ್ನೆಲೆಯಾಗಿ ಇದಕ್ಕಿಂತ ಸೊಗಸಾದದ್ದನ್ನು ಸ್ಟುಡಿಯೊದಲ್ಲಿ ಕಟ್ಟುವುದು ಕಷ್ಟ. ಬಾಡಿಗೆಗೋ ಕೈಗಡವಾಗಿಯೋ ಒಂದು ಹಳೆಯ ಚಂದ್ರಿಕೆ ಸಿಗುವುದೇ ಎಂದು ಆಗಲೇ ವಿಚಾರಿಸಿಡಿ.

ಎರಡನೆಯ ಹಂತ: ಮೈಯಿಲ್ಲದ ಬಟ್ಟೆಯ ಚಿತ್ರ

ಮಾದರಿಯನ್ನು, ಅಂದರೆ ಸೀರೆ ಉಟ್ಟು ನಿಲ್ಲುವ ವ್ಯಕ್ತಿಯನ್ನು, ಬರೆಯುವ ಮೊದಲು ಬಟ್ಟೆಯನ್ನೇ ಬರೆಯಬೇಕು. ಸೀರೆಯ ಒಂದು ಭಾಗವನ್ನು ಬಾಗಿಲ ಮೇಲೆ ಇಳಿಬಿಡಿ, ಕುರ್ಚಿಯ ಬೆನ್ನಿನ ಮೇಲೆ ಹೊದಿಸಿ, ದಪ್ಪ ದಾರದಲ್ಲಿ ಸಡಿಲವಾಗಿ ಕಟ್ಟಿ ಒಂದೇ ಬಿಂದುವಿನಿಂದ ತೂಗಿಬಿಡಿ. ಒಂದು ಬಿಂದುವಿನಿಂದ ತೂಗುವ ಬಟ್ಟೆಯ ಮಡಿಕೆಗಳು ಬೀಸಣಿಗೆಯಂತೆ ಕೆಳಗೆ ಹರಡುತ್ತವೆ. ಎರಡು ಬಿಂದುಗಳ ನಡುವೆ ತೂಗಿದರೆ ತೋರಣದಂತೆ ಬಾಗುತ್ತವೆ. ಕುರ್ಚಿಯ ಮೂಲೆಯಲ್ಲಿ ಮುರಿದು ಬಿದ್ದರೆ ಚೂಪಾದ ಕೋನಗಳಾಗುತ್ತವೆ. ಸೀರೆಯುಟ್ಟ ಮೈಯಲ್ಲಿ ಹೆಗಲು ಮೊದಲನೆಯ ಕೆಲಸವನ್ನೂ, ಎದೆಯಿಂದ ಸೊಂಟದವರೆಗಿನ ಇಳಿಜಾರು ಎರಡನೆಯದನ್ನೂ, ಮೊಣಕೈ ಮೂರನೆಯದನ್ನೂ ಮಾಡುತ್ತದೆ. ಈ ಮೂರನ್ನು ಕೈ ಕಲಿತರೆ ಉಳಿದದ್ದು ಅವುಗಳ ಜೋಡಣೆ.

2ಬಿ ಮತ್ತು 6ಬಿ ಪೆನ್ಸಿಲ್ ಸಾಕು. ಒಂದೇ ಕಿಟಕಿಯ ಬೆಳಕಿನಲ್ಲಿ ಕೂತು, ಪಕ್ಕದಲ್ಲಿ ದಿನಬಳಕೆಯ ಒಂದು ಹತ್ತಿ ಸೀರೆಯನ್ನೂ ಅದೇ ರೀತಿ ತೂಗಿಬಿಟ್ಟು, ಎರಡನ್ನೂ ಒಂದೇ ಹಾಳೆಯಲ್ಲಿ ಬಿಡಿಸಿ. ಹತ್ತಿಯ ಮೇಲೆ ಬೆಳಕಿನಿಂದ ನೆರಳಿಗೆ ನಿಧಾನವಾಗಿ ಇಳಿಯುವ ಮೆಟ್ಟಿಲುಗಳಿರುತ್ತವೆ. ರೇಷ್ಮೆಯಲ್ಲಿ ಅತಿ ಬೆಳಕು ಮತ್ತು ಅತಿ ಕಪ್ಪು ಪಕ್ಕಪಕ್ಕದಲ್ಲೇ ಕೂತಿರುತ್ತವೆ, ಹೊಳಪಿನ ಒಂದು ಅಂಚು ಚೂಪಾಗಿಯೂ ಇನ್ನೊಂದು ಅಂಚು ಕರಗಿದಂತೆಯೂ ಇರುತ್ತದೆ. ಈ ಒಂದು ವ್ಯತ್ಯಾಸವನ್ನು ಹಿಡಿದ ಚಿತ್ರದಲ್ಲಿ ಬಣ್ಣವಿಲ್ಲದಿದ್ದರೂ ಯಾವುದು ರೇಷ್ಮೆ ಎಂದು ನೋಡುಗರು ಹೇಳಬಲ್ಲರು. ಆ ಮಟ್ಟ ಬರುವವರೆಗೆ ಮುಂದಿನ ಹಂತಕ್ಕೆ ಹೋಗಬೇಡಿ.

ಮೂರನೆಯ ಹಂತ: ಆಕೃತಿ ಮತ್ತು ಅದರ ಅಳತೆ

ಫ್ಯಾಷನ್ ಚಿತ್ರದ ರೂಢಿಯ ಆಕೃತಿ ಒಂಬತ್ತು ತಲೆಯಷ್ಟು ಎತ್ತರ. ನಿಜವಾದ ಮನುಷ್ಯರು ಸುಮಾರು ಏಳೂವರೆ ತಲೆಯಷ್ಟು ಇರುತ್ತಾರೆ. ಎ3 ಹಾಳೆಯನ್ನು ನಿಲ್ಲಿಸಿಟ್ಟುಕೊಂಡರೆ ತಲೆಗೆ 4 ಸೆಂಟಿಮೀಟರಿನಂತೆ 36 ಸೆಂಟಿಮೀಟರ್ ಎತ್ತರದ ಆಕೃತಿ ಚೆನ್ನಾಗಿ ಹಿಡಿಸುತ್ತದೆ. ನೆತ್ತಿಯಿಂದ ಎಣಿಸಿದರೆ ಮೊದಲ ಗೆರೆಗೆ ಗದ್ದ, ಎರಡನೆಯದಕ್ಕೆ ಎದೆ, ಮೂರಕ್ಕೆ ಸೊಂಟ, ನಾಲ್ಕಕ್ಕೆ ತೊಡೆಯ ಬುಡ, ಆರಕ್ಕೆ ಮಂಡಿ, ಎಂಟರ ಕೆಳಗೆ ಕಾಲಿನ ಗಂಟು, ಒಂಬತ್ತಕ್ಕೆ ಕಾಲಿನ ತುದಿ. ಹೆಚ್ಚುವರಿ ಎತ್ತರವೆಲ್ಲ ಕಾಲುಗಳಿಗೆ ಸೇರುವುದನ್ನು ಗಮನಿಸಿ. ಕತ್ತಿನ ಗುಳಿಯಿಂದ ನೇರ ಕೆಳಕ್ಕೆ ಒಂದು ತೂಗುಗೆರೆ ಎಳೆಯಿರಿ. ಒಂದೇ ಕಾಲಿನ ಮೇಲೆ ಭಾರ ಹಾಕಿ ನಿಂತ ಆಕೃತಿಯಲ್ಲಿ ಆ ಗೆರೆ ಭಾರ ಹೊತ್ತ ಪಾದದ ಬಳಿಯೇ ಬಂದು ಮುಟ್ಟಬೇಕು, ಇಲ್ಲವಾದರೆ ಆಕೃತಿ ಬೀಳುತ್ತಿರುವಂತೆ ತೋರುತ್ತದೆ.

ಸೀರೆಯ ಚಿತ್ರಕ್ಕೆ ಒಂಬತ್ತು ತಲೆಯ ಅಳತೆಯನ್ನು ಕಣ್ಣುಮುಚ್ಚಿ ಒಪ್ಪುವುದು ನನಗೆ ಸರಿಯೆನಿಸುವುದಿಲ್ಲ. ಕಾಲುಗಳು ನೆರಿಗೆಯೊಳಗೆ ಮರೆಯಾಗುವುದರಿಂದ ಆ ಉದ್ದವೆಲ್ಲ ಬಟ್ಟೆಯ ಉದ್ದವಾಗಿ ಕಾಣುತ್ತದೆ, ಅಂಚು ಎಷ್ಟು ಅಗಲ ಎಂಬ ಲೆಕ್ಕ ಕೆಡುತ್ತದೆ. ಎಂಟು ತಲೆಯಲ್ಲಿ ಒಂದು, ಒಂಬತ್ತರಲ್ಲಿ ಒಂದು, ಏಳೂವರೆಯಲ್ಲಿ ಒಂದು ಹೀಗೆ ಒಂದೇ ಭಂಗಿಯನ್ನು ಮೂರು ಅಳತೆಯಲ್ಲಿ ಬಿಡಿಸಿ ಗೋಡೆಗೆ ಅಂಟಿಸಿ, ಯಾವುದರಲ್ಲಿ ಸೀರೆ ಸೀರೆಯಾಗಿ ಉಳಿದಿದೆ ಎಂದು ಹೋಲಿಸಿ ನೋಡಿ. ಈ ಹೋಲಿಕೆಯ ಹಾಳೆಯೇ ಪೋರ್ಟ್‌ಫೋಲಿಯೊದ ಬೆಲೆಯುಳ್ಳ ಪುಟಗಳಲ್ಲಿ ಒಂದಾಗುತ್ತದೆ.

ಭಂಗಿಗಳನ್ನು ಪತ್ರಿಕೆಗಳಿಂದ ನಕಲಿಸುವ ಬದಲು ಚಿಕ್ಕಬಳ್ಳಾಪುರದ ಹೂವಿನ ಮಾರುಕಟ್ಟೆಯಲ್ಲಿ, ಬಸ್ ನಿಲ್ದಾಣದಲ್ಲಿ ಕೂತು ಅರ್ಧ ನಿಮಿಷಕ್ಕೊಂದರಂತೆ ತ್ವರಿತ ರೇಖೆಗಳಲ್ಲಿ ಹಿಡಿಯಿರಿ. ಸೇವಂತಿಗೆಯ ಬುಟ್ಟಿಯನ್ನು ಸೊಂಟಕ್ಕೆ ಆನಿಸಿ ನಿಂತ ಹೆಂಗಸಿನ ಒಂದು ಸೊಂಟ ಮೇಲೇರಿ, ಅದೇ ಬದಿಯ ಹೆಗಲು ಕೆಳಗಿಳಿದು, ಸೆರಗು ಆ ಇಳಿಜಾರಿನಲ್ಲಿ ಜಾರಿ ಮೊಣಕೈಯಲ್ಲಿ ತಂಗಿರುತ್ತದೆ. ಫ್ಯಾಷನ್ ಶಾಲೆಗಳು ಕಲಿಸುವ ಭಂಗಿಯ ಪಾಠ ಅಷ್ಟರಲ್ಲೇ ಇದೆ. ಮುಖದ ಗುರುತು ಸಿಗದಂತೆ ಬರೆಯಿರಿ, ಯಾರಾದರೂ ಬೇಸರಪಟ್ಟರೆ ನಿಲ್ಲಿಸಿ.

ಒಂದು ಸಣ್ಣ ಎಚ್ಚರಿಕೆ. ಸಾಮಾನ್ಯವಾಗಿ ನಮ್ಮ ಕಡೆ ಉಡುವ ರೀತಿಯಲ್ಲಿ ಸೆರಗು ಬಲ ಸೊಂಟದಿಂದ ಮೇಲೇರಿ ಎಡ ಹೆಗಲನ್ನು ದಾಟುತ್ತದೆ. ಮೊಬೈಲಿನ ಸೆಲ್ಫಿ ಕ್ಯಾಮೆರಾ ಕನ್ನಡಿಯಂತೆ ಚಿತ್ರವನ್ನು ತಿರುಗಿಸಿ ತೋರಿಸುವುದರಿಂದಲೂ, ಟ್ರೇಸಿಂಗ್ ಹಾಳೆಯನ್ನು ಮಗುಚಿ ಹಾಕುವುದರಿಂದಲೂ ವಿದ್ಯಾರ್ಥಿಗಳ ಚಿತ್ರಗಳಲ್ಲಿ ಸೆರಗು ಬಲ ಹೆಗಲಿಗೆ ಬಂದುಬಿಡುತ್ತದೆ. ಸೀರೆಯುಡುವ ಯಾರೇ ಆದರೂ ಇದನ್ನು ಮೊದಲ ನೋಟಕ್ಕೇ ಹಿಡಿಯುತ್ತಾರೆ.

ನಾಲ್ಕನೆಯ ಹಂತ: ಬಣ್ಣ

ನೀರುಬಣ್ಣಕ್ಕೆ ಚದರ ಮೀಟರಿಗೆ 300 ಗ್ರಾಂ ತೂಗುವ, ಅಂದರೆ 300 ಜಿಎಸ್‌ಎಂ ಕಾಗದ ಬೇಕು. ತೆಳು ಹಾಳೆ ಉಬ್ಬಿ ಹೊಳಪಿನ ಗೆರೆಗಳನ್ನು ಹಾಳುಮಾಡುತ್ತದೆ. ಎಲ್ಲಿ ಹೊಳಪಿದೆಯೋ ಅಲ್ಲಿ ಕಾಗದದ ಬಿಳಿಯನ್ನು ಹಾಗೆಯೇ ಬಿಟ್ಟು, ಉಳಿದೆಡೆ ಹಾಸಿನ ಬಣ್ಣವನ್ನು ತೆಳುವಾಗಿ ಹರಡಿ. ಒಣಗಿದ ಮೇಲೆ ಮಡಿಕೆಗಳ ಇಳಿಜಾರಿಗೆ ಹೊಕ್ಕಿನ ಬಣ್ಣವನ್ನು ಹಾಕಿ. ಎರಡನ್ನೂ ಬಟ್ಟಲಲ್ಲಿ ಕಲಸಬೇಡಿ, ಕಲಸಿದರೆ ಮಂಕಾದ ಮೂರನೆಯ ಬಣ್ಣ ಬರುತ್ತದೆಯೇ ಹೊರತು ನವಿಲುಕಂಠ ಬರುವುದಿಲ್ಲ. ಕೊನೆಯಲ್ಲಿ ಹೊಳಪಿನ ಚೂಪು ಅಂಚಿನ ಪಕ್ಕದಲ್ಲೇ ಅತಿ ಗಾಢವಾದ ಗೆರೆಯನ್ನಿಡಿ. ಬಯಲುಸೀಮೆಯ ಮಾರ್ಚ್, ಏಪ್ರಿಲ್ ತಿಂಗಳ ಒಣಗಾಳಿಯಲ್ಲಿ ಬಣ್ಣ ನೋಡನೋಡುತ್ತಿದ್ದಂತೆ ಒಣಗುತ್ತದೆ, ಆದ್ದರಿಂದ ಕರಗಿದಂತಿರಬೇಕಾದ ಅಂಚಿನ ಜಾಗವನ್ನು ಮೊದಲೇ ಶುದ್ಧ ನೀರಿನಿಂದ ಒದ್ದೆ ಮಾಡಿಕೊಳ್ಳಿ.

ಜರಿಗೆ ಚಿನ್ನದ ಬಣ್ಣದ ಪೆನ್ನನ್ನು ಬಳಸುವ ಆಸೆ ಎಲ್ಲರಿಗೂ ಬರುತ್ತದೆ. ಸ್ಕ್ಯಾನ್ ಮಾಡಿದಾಗ ಅದು ಮಾಸಲು ಕಂದಾಗಿಬಿಡುತ್ತದೆ. ಯೆಲ್ಲೋ ಓಕರ್ ತಳಕ್ಕೆ, ಬರ್ನ್ಟ್ ಅಂಬರ್ ನೆರಳಿಗೆ, ಲೆಮನ್ ಯೆಲ್ಲೋ ಹೊಳಪಿಗೆ, ಎಲ್ಲಕ್ಕೂ ಮೇಲೆ ದಟ್ಟ ನೀರುಬಣ್ಣವಾದ ಬಿಳಿ ಗ್ವಾಷ್‌ನ ಕೆಲವೇ ಚುಕ್ಕೆಗಳು: ಇಷ್ಟರಿಂದ ಬರುವ ಜರಿ ಮುದ್ರಣದಲ್ಲೂ ಉಳಿಯುತ್ತದೆ. ಅಂಚಿನ ವಿನ್ಯಾಸವನ್ನು ಎಲ್ಲೆಡೆ ಪೂರ್ತಿಯಾಗಿ ಬಿಡಿಸುವುದು ಬೇಡ. ಬೆಳಕು ಬಿದ್ದ ಒಂದೆರಡು ನೆರಿಗೆಗಳಲ್ಲಿ ಸ್ಪಷ್ಟವಾಗಿ ಬರೆದು ಉಳಿದೆಡೆ ಸೂಚಿಸಿದರೆ ಕಣ್ಣು ತಾನಾಗಿಯೇ ಪೂರ್ತಿಮಾಡಿಕೊಳ್ಳುತ್ತದೆ.

ಐದನೆಯ ಹಂತ: ಸ್ಟೈಲಿಂಗ್

ಸ್ಟೈಲಿಂಗ್‌ನಲ್ಲಿ ಪಾಲಿಸಬೇಕಾದ ನಿಯಮ ಒಂದೇ: ಒಂದು ಸಲಕ್ಕೆ ಒಂದನ್ನು ಮಾತ್ರ ಬದಲಿಸಿ. ರವಿಕೆ, ಆಭರಣ, ಕೇಶವಿನ್ಯಾಸ, ಉಡುವ ರೀತಿ ಎಲ್ಲವನ್ನೂ ಒಮ್ಮೆಗೇ ಬದಲಿಸಿದರೆ ನೋಟ ಯಾವುದರಿಂದ ಗೆದ್ದಿತು, ಯಾವುದರಿಂದ ಸೋತಿತು ಎಂದು ತಿಳಿಯುವುದೇ ಇಲ್ಲ. ಈ ಸೀರೆಗೆ ಮೂರು ನೋಟಗಳನ್ನು ಸೂಚಿಸುತ್ತೇನೆ.

ಮೊದಲನೆಯದು ಸೀರೆಯ ಒಡತಿ ಉಡುವ ರೀತಿ. ಅವರನ್ನೇ ಕರೆದು, ಅವರ ಕೈಯಿಂದಲೇ ಮಾದರಿಗೆ ಉಡಿಸಿ, ನೆರಿಗೆ ಎಷ್ಟು ಹಿಡಿದರು, ಸೆರಗನ್ನು ಎಷ್ಟು ಬಿಟ್ಟರು ಎಂಬುದನ್ನು ಬರೆದುಕೊಳ್ಳಿ. ಇದು ಅಳತೆಗೋಲು, ಉಳಿದ ಪ್ರಯೋಗಗಳನ್ನು ಇದಕ್ಕೆ ಹೋಲಿಸಬೇಕು.

ಎರಡನೆಯದು ದುಡಿಯುವ ಮೈಯ ಉಡುಗೆ. ದ್ರಾಕ್ಷಿ ತೋಟದಲ್ಲಿ, ಹಿಪ್ಪುನೇರಳೆ ಸಾಲಿನಲ್ಲಿ ಕೆಲಸ ಮಾಡುವ ಹೆಂಗಸರು ನೆರಿಗೆಯನ್ನು ಕಣಕಾಲಿನ ಮೇಲಕ್ಕೆತ್ತಿ, ಸೆರಗನ್ನು ಸುತ್ತಿ ತಂದು ಸೊಂಟಕ್ಕೆ ಬಿಗಿಯಾಗಿ ಸಿಕ್ಕಿಸುತ್ತಾರೆ. ಎಷ್ಟೋ ಬಾರಿ ಸೀರೆಯ ಮೇಲೊಂದು ಗಂಡಸರ ತುಂಬುತೋಳಿನ ಅಂಗಿ ಇರುತ್ತದೆ. ಇದರ ರೇಖೆಗಳು ಚುರುಕು, ನಡಿಗೆಗೆ ಅಡ್ಡಿಯಿಲ್ಲ, ಅಂಗಿಯ ಒರಟು ಹತ್ತಿಯ ಪಕ್ಕದಲ್ಲಿ ರೇಷ್ಮೆಯ ಹೊಳಪು ಇನ್ನಷ್ಟು ತೆರೆದುಕೊಳ್ಳುತ್ತದೆ. ಈ ನೋಟವನ್ನು ಬಡತನದ ವೇಷವಾಗಿ ಮಾಡಬೇಡಿ. ಮುಖಕ್ಕೆ ಮಸಿ, ಕೈಗೆ ಕುಡುಗೋಲು ಇವೆಲ್ಲ ಅನಗತ್ಯ. ಉಡುಗೆಯ ಬುದ್ಧಿವಂತಿಕೆ ಕಟ್ಟಿನಲ್ಲಿದೆ, ಅದನ್ನು ಅಷ್ಟೇ ಗೌರವದಿಂದ ತೋರಿಸಿ.

ಮೂರನೆಯದು ನಿಮ್ಮ ಸ್ವಂತ ಕಲ್ಪನೆ. ಒಂದು ಸುಳಿವು ಕೊಡುತ್ತೇನೆ. ಮುದ್ದೇನಹಳ್ಳಿಯಲ್ಲಿ ಹುಟ್ಟಿದ ಸರ್ ಎಂ. ವಿಶ್ವೇಶ್ವರಯ್ಯನವರ ಭಾವಚಿತ್ರಗಳನ್ನು ಉಡುಗೆಯ ದೃಷ್ಟಿಯಿಂದ ನೋಡಿ: ಜರಿಯಂಚಿನ ಮೈಸೂರು ಪೇಟ, ಒಪ್ಪವಾಗಿ ಹೊಲಿದ ಕೋಟು, ಎಲ್ಲೂ ಸುಕ್ಕಿಲ್ಲದ ಶಿಸ್ತು. ಪೇಟದಲ್ಲಿ ಜರಿ ಹೇಗೆ ಒಂದೇ ಓರೆಗೆರೆಯಾಗಿ ಹಣೆಯ ಮೇಲೆ ಹಾಯುತ್ತದೆಯೋ ಹಾಗೆ ಸೀರೆಯ ಅಂಚೊಂದನ್ನು ಮೈಮೇಲೆ ಒಂದೇ ಓರೆಗೆರೆಯಾಗಿ ತಂದು, ಮೇಲೆ ಗಾಢಬಣ್ಣದ ಕೋಟು ತೊಡಿಸಿದರೆ ಏನಾದೀತು ಎಂದು ಮೊದಲು ಚಿತ್ರದಲ್ಲಿ ನೋಡಿ, ಆಮೇಲೆ ಮೈಮೇಲೆ ನೋಡಿ. ಕೊಡವ ಶೈಲಿಯಂಥ, ಒಂದು ಸಮುದಾಯದ ಗುರುತಾಗಿರುವ ಉಡುವ ರೀತಿಗಳನ್ನು ಅಲಂಕಾರಕ್ಕಾಗಿ ಮುರಿದು ಬಳಸುವುದಕ್ಕಿಂತ ಅವರಿಂದಲೇ ಕಲಿತು, ಇದ್ದಂತೆ ದಾಖಲಿಸುವುದು ಮೇಲು.

ಹೂವಿನ ಆಯ್ಕೆಗೆ ಈ ಜಿಲ್ಲೆಯಲ್ಲಿ ಕೊರತೆಯಿಲ್ಲ. ಹಳದಿ ಸೇವಂತಿಗೆ ಜರಿಯೊಂದಿಗೆ ಪೈಪೋಟಿಗೆ ಬೀಳುತ್ತದೆ. ಕನಕಾಂಬರದ ಕೇಸರಿ ಬಣ್ಣ ನೀಲಿ ಹಸಿರಿನ ಎದುರು ಉಜ್ವಲವಾಗಿ ನಿಲ್ಲುತ್ತದೆ, ಮಲ್ಲಿಗೆಯಷ್ಟು ಬೇಗ ಬಾಡುವುದೂ ಇಲ್ಲ. ಬಣ್ಣಗಳ ಹಲಗೆಯನ್ನು ಮಾಡುವಾಗ ಹಳದಿ ಗೂಡು, ನಂದಿಯ ಬಂಡೆಯ ಬೂದು, ಬೆಂಗಳೂರು ನೀಲಿ ದ್ರಾಕ್ಷಿಯ ಮೇಲಿನ ಮಂಜಿನಂಥ ಬಿಳಿಪುಡಿಯ ಕೆಳಗಿನ ಕಡುನೇರಳೆ ಇವನ್ನು ಅಂಟಿಸಿಕೊಳ್ಳಿ.

ಚೀಲದಲ್ಲಿರಬೇಕಾದವು: ಸೇಫ್ಟಿ ಪಿನ್ನು, ಎರಡು ಬದಿಯ ಅಂಟುಪಟ್ಟಿ, ಬಟ್ಟೆ ಒಣಹಾಕುವ ಕ್ಲಿಪ್ಪು, ಸೂಜಿದಾರ, ಬಿಳಿ ಹತ್ತಿ ಪಂಚೆ. ಪಿನ್ನನ್ನು ರವಿಕೆಯ ಒಳಗಿನಿಂದ ಹಾಕಿ, ಸೀರೆಗೆ ತಗಲುವ ಕಡೆ ಸಣ್ಣ ಬಟ್ಟೆಯ ತುಂಡನ್ನು ನಡುವೆ ಇಡಿ. ಜರಿಯ ಮೇಲೆ ಎಂದೂ ಚುಚ್ಚಬೇಡಿ. ಇಸ್ತ್ರಿಯನ್ನು ಕಡಿಮೆ ಶಾಖದಲ್ಲಿ, ಸೀರೆಯ ಹಿಂಬದಿಯಿಂದ, ಮೇಲೆ ಪಂಚೆ ಹಾಸಿ ಹಾಕಬೇಕು. ನೀರು ಚಿಮುಕಿಸಿದರೆ ರೇಷ್ಮೆಯ ಮೇಲೆ ಕಲೆ ಉಳಿಯುತ್ತದೆ. ಸುಗಂಧದ್ರವ್ಯವನ್ನು ಉಟ್ಟ ಮೇಲೆ ಹಾಕಿಕೊಳ್ಳುವುದು ಜರಿಗೆ ಕೆಡುಕು. ಕೆಲಸ ಮುಗಿದ ಕೂಡಲೇ ನೆರಳಿನಲ್ಲಿ ಗಾಳಿಗೆ ಹರವಿ, ಬೆವರು ಪೂರ್ತಿ ಆರಿದ ಮೇಲೆ ಹಳೆಯ ಮಡಿಕೆಯ ಗೆರೆ ಬಿಟ್ಟು ಬೇರೆ ಗೆರೆಯಲ್ಲಿ ಮಡಚಿ, ಹತ್ತಿ ಬಟ್ಟೆಯಲ್ಲಿ ಸುತ್ತಿ ಹಿಂದಿರುಗಿಸಿ.

ಆರನೆಯ ಹಂತ: ಸ್ಥಳ

ನಂದಿಬೆಟ್ಟದ 1478 ಮೀಟರ್ ಎತ್ತರದಲ್ಲಿ ಬೆಳಗಿನ ಮಂಜು ಒಂದು ದೊಡ್ಡ ಬಿಳಿ ಪರದೆಯಾಗಿ ಬೆಳಕನ್ನು ಹರಡುತ್ತದೆ. ಆದರೆ ರೇಷ್ಮೆಗೆ ಬೇಕಾದ ಓರೆಬೆಳಕನ್ನು ಆ ಮಂಜೇ ಅಳಿಸಿಹಾಕುತ್ತದೆ, ವಾರಾಂತ್ಯದಲ್ಲಿ ಜನಸಂದಣಿಯೂ ವಿಪರೀತ. ಈ ಕೆಲಸಕ್ಕೆ ಅದು ನನ್ನ ಮೊದಲ ಆಯ್ಕೆಯಲ್ಲ. ಬೆಟ್ಟದ ಬುಡದ ನಂದಿ ಗ್ರಾಮದ ಭೋಗನಂದೀಶ್ವರ ದೇವಾಲಯದ ಕಂಬಗಳೂ ಕಲ್ಯಾಣಿಯ ಮೆಟ್ಟಿಲುಗಳೂ ಆಕರ್ಷಕವೇ. ಆದರೆ ಅದು ಪುರಾತತ್ವ ಇಲಾಖೆಯ ರಕ್ಷಣೆಯಲ್ಲಿರುವ, ಪೂಜೆ ನಡೆಯುವ ಸ್ಥಳ. ಟ್ರೈಪಾಡು, ದೀಪ, ಮಾದರಿ ಸಹಿತ ಚಿತ್ರೀಕರಣಕ್ಕೆ ಇಲಾಖೆಯ ಅನುಮತಿಯನ್ನು ಮುಂಚಿತವಾಗಿ ಪಡೆಯಬೇಕು, ಅನುಮತಿ ಇಲ್ಲದಿದ್ದರೆ ಅಲ್ಲಿ ಕೂತು ಕಲ್ಲಿನ ಶಿಲ್ಪಗಳ ಮೇಲಿನ ಉಡುಗೆ ತೊಡುಗೆಗಳನ್ನು ಪೆನ್ಸಿಲಿನಲ್ಲಿ ಬರೆದುಕೊಂಡು ಬನ್ನಿ.

ನೂಲು ಬಿಚ್ಚುವ ಮನೆಯೊಳಗಿನ ಹಬೆಯಲ್ಲಿ ಬೆಳಕಿನ ಕೋಲುಗಳು ಕಾಣುವಾಗ ಅಲ್ಲಿಯೇ ಮಾದರಿಯನ್ನು ನಿಲ್ಲಿಸುವ ಮನಸ್ಸಾಗುತ್ತದೆ. ಯಂತ್ರ ತಿರುಗುತ್ತಿರುವಾಗ ಇಳಿಬಿಟ್ಟ ಸೆರಗಿನೊಂದಿಗೆ ಯಾರನ್ನೂ ಅದರ ಹತ್ತಿರ ನಿಲ್ಲಿಸಲೇಬಾರದು. ಕೆಲಸ ನಿಂತ ಹೊತ್ತಿನಲ್ಲಿ, ಮಾಲೀಕರು ಒಪ್ಪಿದರೆ, ಸೆರಗನ್ನು ಸೊಂಟಕ್ಕೆ ಸಿಕ್ಕಿಸಿದ ಎರಡನೆಯ ನೋಟವನ್ನು ಮಾತ್ರ ಅಲ್ಲಿ ತೆಗೆಯಬಹುದು.

ನನ್ನ ಮಟ್ಟಿಗೆ ಶ್ರೇಷ್ಠ ಸ್ಥಳ ರೈತರೊಬ್ಬರ ಮನೆಯಂಗಳ: ಸುಣ್ಣದ ಗೋಡೆ, ಒರಗಿಸಿದ ಚಂದ್ರಿಕೆ, ಪೂರ್ವ ಅಥವಾ ಪಶ್ಚಿಮದಿಂದ ಬರುವ ಬೆಳಕು. ಅಂಗಳ ಸಿಗದಿದ್ದರೆ ಮನೆಯ ತಾರಸಿಯೂ, ಬಣ್ಣ ಬಳಿದ ಹಳೆಯ ಹೊದಿಕೆಯೊಂದೂ ಸಾಕು. ತುಮಕೂರು ಜಿಲ್ಲೆಯ ಗುಬ್ಬಿಯಲ್ಲಿ 1884ರಲ್ಲಿ ಹುಟ್ಟಿದ ನಾಟಕ ಕಂಪನಿಯಂಥವು ಬಣ್ಣದ ಪರದೆಗಳ ಮುಂದೆಯೇ ಅರಮನೆಯನ್ನೂ ಅಡವಿಯನ್ನೂ ಕಟ್ಟಿ ತೋರಿಸಿದ ನಾಡು ಇದು.

ಏಳನೆಯ ಹಂತ: ಛಾಯಾಗ್ರಹಣ

ದುಬಾರಿ ಕ್ಯಾಮೆರಾ ಇಲ್ಲದಿದ್ದರೆ ಮೊಬೈಲಿನಲ್ಲಿಯೇ ಮಾಡಿ. ಬೆಳಗಿನ ಮೊದಲೆರಡು ಗಂಟೆ, ಸಂಜೆಯ ಕೊನೆಯ ಎರಡು ಗಂಟೆ ಒಳ್ಳೆಯ ಹೊತ್ತು. ನಮ್ಮ ಅಕ್ಷಾಂಶದಲ್ಲಿ ಏಪ್ರಿಲ್ ಕೊನೆಯಲ್ಲಿಯೂ ಆಗಸ್ಟ್ ಮಧ್ಯದಲ್ಲಿಯೂ ನಡುಮಧ್ಯಾಹ್ನದ ಸೂರ್ಯ ನೆತ್ತಿಯ ಮೇಲೇ ಇರುತ್ತಾನೆ. ಆಗ ಕಣ್ಣಿನ ಗುಳಿಗಳು ಕಪ್ಪಾಗಿ, ಮೂಗಿನ ನೆರಳು ತುಟಿಯ ಮೇಲೆ ಬೀಳುತ್ತದೆ.

ಬೆಳಕು ಮಾದರಿಯ ಪಕ್ಕದಿಂದ, ಸ್ವಲ್ಪ ಮೇಲಿನಿಂದ ಬರಲಿ. ಎದುರು ಬದಿಯಲ್ಲಿ ಒಂದು ಬಿಳಿ ಥರ್ಮಾಕೋಲ್ ಹಾಳೆಯನ್ನು ಹಿಡಿದರೆ ನೆರಳಿನ ಕಡೆಗೂ ತಿಳಿಬೆಳಕು ಸಿಗುತ್ತದೆ. ಆ ಹಾಳೆಯನ್ನು ಒಮ್ಮೆ ಹತ್ತಿರ ತಂದು, ಒಮ್ಮೆ ದೂರ ಒಯ್ದು, ಎರಡನೆಯ ಹಂತದಲ್ಲಿ ಪೆನ್ಸಿಲಿನಿಂದ ಬಿಡಿಸಿದ ಬೆಳಕು ಕತ್ತಲೆಯ ಜೋಡಿ ಯಾವಾಗ ಕಾಣಿಸುತ್ತದೆ ಎಂದು ನೋಡಿ. ಆ ಜಾಗದಲ್ಲೇ ನಿಲ್ಲಿಸಿ. ಮೊಬೈಲಿನ ಫ್ಲ್ಯಾಷ್ ಬೇಡ, ಎದುರಿನಿಂದ ಬೀಳುವ ಬೆಳಕು ಮಡಿಕೆಗಳನ್ನೆಲ್ಲ ಚಪ್ಪಟೆ ಮಾಡಿ ಜರಿಯನ್ನು ಬಿಳಿ ಕಲೆಯಾಗಿಸುತ್ತದೆ. ಪರದೆಯ ಮೇಲೆ ಜರಿಯ ಜಾಗವನ್ನು ಒತ್ತಿಹಿಡಿದು ಫೋಕಸ್ ಮತ್ತು ಬೆಳಕಿನ ಪ್ರಮಾಣವನ್ನು ಸ್ಥಿರಗೊಳಿಸಿ, ಬೆಳಕನ್ನು ಒಂದಿಷ್ಟು ತಗ್ಗಿಸಿ. ಕಪ್ಪಾದದ್ದನ್ನು ಆಮೇಲೆ ಎತ್ತಬಹುದು, ಸುಟ್ಟುಹೋದ ಬಿಳಿಯನ್ನು ತರಲಾಗದು. ಟ್ಯೂಬ್‌ಲೈಟ್ ಉರಿಯುವ ಕೋಣೆಯಲ್ಲಿ ಕಿಟಕಿಯ ಬೆಳಕೂ ಸೇರಿದರೆ ಸೀರೆಯ ಬಣ್ಣ ಎರಡಾಗುತ್ತದೆ, ಆದ್ದರಿಂದ ದೀಪ ಆರಿಸಿ.

ಕ್ಯಾಮೆರಾದ ಎತ್ತರಕ್ಕೂ ಮೂರನೆಯ ಹಂತದ ಅಳತೆಗೂ ನೇರ ಸಂಬಂಧವಿದೆ. ಪೂರ್ಣ ಆಕೃತಿಯನ್ನು ಕಣ್ಣಿನ ಎತ್ತರದಿಂದ ಹತ್ತಿರ ನಿಂತು ತೆಗೆದರೆ ತಲೆ ದೊಡ್ಡದಾಗಿ ಕಾಲು ಮೊಟಕಾಗುತ್ತದೆ, ಆಕೃತಿ ಏಳು ತಲೆಗೂ ಕಡಿಮೆಯೆನಿಸುತ್ತದೆ. ಮೂರು ನಾಲ್ಕು ಮೀಟರ್ ಹಿಂದೆ ಸರಿದು, ಎರಡು ಪಟ್ಟಿನ ಲೆನ್ಸ್ ಬಳಸಿ, ಕ್ಯಾಮೆರಾವನ್ನು ಮಾದರಿಯ ಸೊಂಟದ ಎತ್ತರಕ್ಕೆ ಇಳಿಸಿದರೆ ದೇಹ ಇದ್ದಂತೆ ಬರುತ್ತದೆ. ಮಂಡಿಯ ಎತ್ತರಕ್ಕೆ ಇಳಿಸಿ ಮತ್ತೊಂದು ತೆಗೆಯಿರಿ. ಕಾಲು ನೀಳವಾಗಿ, ಒಂಬತ್ತು ತಲೆಯ ಚಿತ್ರಕ್ಕೆ ಹತ್ತಿರವಾಗುತ್ತದೆ. ಈ ಮೂರು ಫೋಟೊಗಳನ್ನು ಮೂರು ಅಳತೆಯ ಚಿತ್ರಗಳ ಕೆಳಗೆ ಜೋಡಿಸಿದಾಗ ಇಡೀ ಅಧ್ಯಯನದ ತಿರುಳು ಒಂದೇ ಪುಟದಲ್ಲಿ ಬರುತ್ತದೆ.

ಚಲನೆಗೂ ಅವಕಾಶ ಕೊಡಿ. ಮಾದರಿ ನಡೆದು ತಿರುಗಿದಾಗ ಹಾರುವ ಸೆರಗನ್ನು 1/500 ಸೆಕೆಂಡಿನ ವೇಗದಲ್ಲಿ ಹಿಡಿದರೆ ಪ್ರತಿ ಮಡಿಕೆಯೂ ಗಾಳಿಯಲ್ಲಿ ನಿಲ್ಲುತ್ತದೆ. 1/15ರಲ್ಲಿ, ಕ್ಯಾಮೆರಾವನ್ನು ಅಲ್ಲಾಡದ ಆಸರೆಯ ಮೇಲಿಟ್ಟು ತೆಗೆದರೆ ನೀಲಿಯೂ ಹಸಿರೂ ಹರಿದು ಬೆರೆಯುತ್ತವೆ. ಪ್ರತಿ ನೋಟಕ್ಕೂ ಪೂರ್ಣ ಆಕೃತಿ, ಅರ್ಧ ಆಕೃತಿ, ಅಂಚಿನ ಸಮೀಪನೋಟ, ಬೆನ್ನು ಇಷ್ಟನ್ನು ತಪ್ಪದೆ ತೆಗೆಯಿರಿ. ಬೆನ್ನನ್ನು ಮರೆಯುವವರೇ ಹೆಚ್ಚು, ಸೆರಗಿನ ನೇಯ್ಗೆಯೆಲ್ಲ ಇರುವುದು ಅಲ್ಲಿಯೇ.

ಕೊನೆಯ ಹಂತ: ಆಯ್ಕೆ, ಮರಳಿ ಚಿತ್ರ, ಪುಟಗಳು

ತಿದ್ದುವಾಗ ಸೀರೆಯನ್ನು ಪಕ್ಕದಲ್ಲಿಟ್ಟು, ಹಗಲಿನ ಬೆಳಕಿನಲ್ಲಿ ಪರದೆಯ ಬಣ್ಣವನ್ನು ಅದಕ್ಕೆ ಹೋಲಿಸಿ ಸರಿಪಡಿಸಿ. ಫೋಟೊ ತೆಗೆಯುವ ಮೊದಲೇ ಮೊಬೈಲಿನ ಸೌಂದರ್ಯ ಫಿಲ್ಟರನ್ನು ನಿಲ್ಲಿಸಿರಬೇಕು. ಅದು ಚರ್ಮವನ್ನು ಬಿಳಿಚಿಸುತ್ತದೆ, ಜರಿಯ ನೇಯ್ಗೆಯನ್ನೂ ಒರೆಸಿಹಾಕುತ್ತದೆ. ಮಾದರಿಯ ಮೈಬಣ್ಣವನ್ನು ತಿಳಿಗೊಳಿಸುವುದನ್ನು, ಸೊಂಟವನ್ನು ಕಿರಿದುಗೊಳಿಸುವುದನ್ನು ನಾನು ಒಪ್ಪುವುದಿಲ್ಲ. ಬಯಲುಸೀಮೆಯ ಕಂದು ಮೈಯ ಮೇಲೆ ನವಿಲುಕಂಠದ ರೇಷ್ಮೆ ಹೇಗೆ ಕಾಣುತ್ತದೆ ಎಂಬುದೇ ಇಲ್ಲಿನ ಪ್ರಶ್ನೆಯಾಗಿರುವಾಗ ಆ ಮೈಯನ್ನೇ ಅಳಿಸಿದರೆ ಉಳಿಯುವುದೇನು?

ಆರಿಸಿದ ಒಂದು ಫೋಟೊವನ್ನು ಎ4 ಅಳತೆಯಲ್ಲಿ ಮುದ್ರಿಸಿ, ಮೇಲೆ ಟ್ರೇಸಿಂಗ್ ಹಾಳೆ ಹಾಸಿ, ಅತಿ ಮುಖ್ಯವಾದ ಗೆರೆಗಳನ್ನು ಮಾತ್ರ ಎಳೆಯಿರಿ: ಸೆರಗಿನ ಓಟ, ಸೊಂಟದ ಓರೆ, ನೆರಿಗೆಯ ಬೀಸು, ಅಂಚು. ಹತ್ತು ಹನ್ನೆರಡು ಗೆರೆಗಳಲ್ಲಿ ಉಡುಗೆ ಗುರುತು ಸಿಗಬೇಕು. ಆ ಹಾಳೆಯನ್ನು ಎತ್ತಿ, ಫೋಟೊ ನೋಡದೆ, ಅದರಿಂದ ಹೊಸ ಬಣ್ಣದ ಚಿತ್ರವೊಂದನ್ನು ಮಾಡಿ. ಆರಂಭದ ಚಿತ್ರದಲ್ಲಿ ಊಹೆಯಿಂದ ಬರೆದ ಜಾಗಗಳೆಲ್ಲ ಇದರಲ್ಲಿ ಖಚಿತವಾಗಿರುತ್ತವೆ.

ಪೋರ್ಟ್‌ಫೋಲಿಯೊಗೆ ಹನ್ನೆರಡು ಪುಟ ಮೀರಬೇಡಿ. ಚಿತ್ರಗಳನ್ನು ಇಂಚಿಗೆ 300 ಚುಕ್ಕೆಯಂತೆ, ಅಂದರೆ 300 ಡಿಪಿಐನಲ್ಲಿ ಸ್ಕ್ಯಾನ್ ಮಾಡಿ. ಗೂಡಿನ ಬಣ್ಣ ಹೊಂದಿಸಿದ ಪುಟ, ತೂಗುಬಟ್ಟೆಯ ಪೆನ್ಸಿಲ್ ಚಿತ್ರ, ಮೂರು ಅಳತೆಗಳ ಹೋಲಿಕೆ ಇವನ್ನು ಕರಡು ಎಂದು ಬಚ್ಚಿಡದೆ ಮುಂದಕ್ಕೇ ಇಡಿ. 1986ರಲ್ಲಿ ಆರಂಭವಾದ ರಾಷ್ಟ್ರೀಯ ಫ್ಯಾಷನ್ ತಂತ್ರಜ್ಞಾನ ಸಂಸ್ಥೆ, ಅಂದರೆ ನಿಫ್ಟ್‌ನಂಥ ಸಂಸ್ಥೆಗಳ ಪ್ರವೇಶ ಪರೀಕ್ಷೆಯಲ್ಲೂ ಕೊಟ್ಟ ವಸ್ತುಗಳನ್ನು ಗಮನಿಸಿ ಕೈಯಾರೆ ಏನನ್ನಾದರೂ ಕಟ್ಟಿ ತೋರಿಸುವ ಹಂತವಿದೆ, ಈ ಪುಟಗಳ ಅಭ್ಯಾಸ ಅಲ್ಲಿ ನೇರವಾಗಿ ಕೆಲಸಕ್ಕೆ ಬರುತ್ತದೆ. ಪ್ರತಿ ಫೋಟೊದ ಕೆಳಗೆ ಬಟ್ಟೆಯ ಬಗೆ, ಉಡಿಸಿದವರು, ಸ್ಥಳ, ಹೊತ್ತು, ಬೆಳಕಿನ ದಿಕ್ಕು ಇವನ್ನು ಎರಡು ಸಾಲಿನಲ್ಲಿ ಬರೆಯಿರಿ; ‘ಸೌಂದರ್ಯದ ಹುಡುಕಾಟ’ ಎಂಬಂಥ ಶೀರ್ಷಿಕೆಗಳಿಗಿಂತ ಆ ಎರಡು ಸಾಲು ಹೆಚ್ಚು ಹೇಳುತ್ತವೆ. ಮಾದರಿಯಿಂದ, ಆಕೆಗೆ ಹದಿನೆಂಟು ತುಂಬಿಲ್ಲದಿದ್ದರೆ ತಂದೆತಾಯಿಯಿಂದ, ಫೋಟೊಗಳನ್ನು ಎಲ್ಲೆಲ್ಲಿ ಬಳಸುವಿರಿ ಎಂಬುದನ್ನು ಸ್ಪಷ್ಟವಾಗಿ ಬರೆದು ಸಹಿ ಪಡೆಯಿರಿ. ಅಂತಿಮ ಫೋಟೊಗಳ ಪೂರ್ಣ ಗಾತ್ರದ ಪ್ರತಿಗಳನ್ನು ಮಾದರಿಗೂ ಸೀರೆಯ ಒಡತಿಗೂ ಕಳುಹಿಸಿ, ಅಂಗಳವನ್ನೂ ಚಂದ್ರಿಕೆಯನ್ನೂ ಕೊಟ್ಟ ಮನೆಯವರಿಗೆ ಒಂದನ್ನು ಮುದ್ರಿಸಿಯೇ ಕೊಡಿ.